ಹೊಸ ಪೈಪಿಗೆ ಇನ್ನೂರು ವರ್ಷದ ತುಕ್ಕು

2024ರ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ನಾಟಕ ಮುಗಿದ ಮೇಲೆ, ಊಟದ ಸಾಲಿನಲ್ಲಿ ನಿಂತವರೆಲ್ಲ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ. "ಆ ಕೋವಿಗಳನ್ನು ಎಲ್ಲಿಂದ ತಂದದ್ದು ಮಾರಾಯ್ರೆ?" ಒಬ್ಬರು ಹಿರಿಯರು ಇನ್ನೂ ಮುಂದೆ ಹೋಗಿ, "ಊರಿನಿಂದ ವಿಮಾನದಲ್ಲಿ ಹೇಗೆ ಬಂತು?" ಎಂದು ಮೆಲ್ಲಗೆ ಕಿವಿಯಲ್ಲಿ ಕೇಳಿದರು. ಅವರಿಗೆ ಒಂದು ಕೋವಿ ಎತ್ತಿ ಕೈಗೆ ಕೊಟ್ಟೆವು. ಹಿಡಿದ ಕೂಡಲೇ ನಕ್ಕರು. ನಾಲ್ಕು ಕಿಲೋ ತೂಗಬೇಕಾದ ವಸ್ತು ಒಂದು ಕಿಲೋ ಕೂಡ ಇರಲಿಲ್ಲ.

ಕೋವಿಗಳು ಎಲ್ಲಿಂದಲೂ ಬಂದಿರಲಿಲ್ಲ. ವಿದ್ಯುತ್ ತಂತಿ ಹಾಕುವ ಬಿಳಿ ಪಿವಿಸಿ ಪೈಪು, ಗೋದಾಮಿನಲ್ಲಿ ಎಸೆದ ಪ್ಯಾಲೆಟ್ಟಿನ ಹಲಗೆ, ಕಾರಿನ ಬಂಪರಿಗೆ ಹೊಡೆಯುವ ಪ್ರೈಮರ್, ಪೆನ್ಸಿಲ್ಲಿನ ಸೀಸದ ಪುಡಿ, ಕುಡಿದು ಉಳಿದ ಸುಲೈಮಾನಿ ಚಹಾ. ಒಟ್ಟು ಹದಿನಾಲ್ಕು ಕೋವಿ. ಅವುಗಳನ್ನು ಮುದಿ ಮಾಡಿದ ಬಗೆಯನ್ನು ಬರೆದುಕೊಡಿ ಎಂದು ಸಂಪಾದಕರು ಹೇಳಿದ್ದಾರೆ. ಜೊತೆಗೆ ನಾಟಕಕ್ಕೆ ಹತ್ತು ದಿನ ಮೊದಲು ನಮ್ಮಿಂದ ಆದ ಒಂದು ತಪ್ಪನ್ನೂ ಬರೆಯುತ್ತೇವೆ. ಅದನ್ನು ಬಿಟ್ಟು ಬಣ್ಣದ ಕತೆ ಮಾತ್ರ ಹೇಳಿದರೆ ಅರ್ಧ ಸುಳ್ಳು ಹೇಳಿದಂತೆ.

ನಾವು ಎಂದರೆ ಐದು ಜನ. ಕಾರ್ಕಳದ ಬಡಗಿ, ಶಾರ್ಜಾದ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಕುಂದಾಪುರದವರು, ಮಡಿಕೇರಿಯ ಸ್ಟೋರ್ ಕೀಪರ್, ಬೈಲಹೊಂಗಲದ ಎಲೆಕ್ಟ್ರಿಷಿಯನ್ ಹುಡುಗ. ಐದನೆಯವರು ಆಸ್ಪತ್ರೆಯ ಫಾರ್ಮಸಿಯಲ್ಲಿ ಮಾತ್ರೆ ಎಣಿಸುವವರು, ಡಿ.ಫಾರ್ಮ. ಓದಿ ಇಪ್ಪತ್ತು ವರ್ಷ ದಾಟಿತು. ಈ ಲೇಖನ ಬರೆಯುತ್ತಿರುವ ಕೈ ಅದೇ.

ಕಿತ್ತೂರಿನ ವಿಜಯಕ್ಕೆ ಆ ವರ್ಷ ಇನ್ನೂರು ತುಂಬಿತ್ತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತದ್ದು ಎಲ್ಲರಿಗೂ ಗೊತ್ತು. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ. ಅಂದರೆ ನಾಟಕದ ಜೀವ ಇರುವುದೇ ಒಂದು ಕೋವಿಯ ಗುರಿಯಲ್ಲಿ. ಆ ಪಾತ್ರ ಬೈಲಹೊಂಗಲದ ಹುಡುಗನಿಗೆ ಸಿಕ್ಕಿತ್ತು. "ನಮ್ಮೂರ ರಾಣಿ ನಾಟಕ ಸರ, ಆಟಿಗೆ ಬಂದೂಕ ಹಿಡದು ನಿಂತರ ಊರಾಗ ಮಾರಿ ಹ್ಯಾಂಗ ತೋರಸ್ಲಿ?" ಎಂದು ಮೊದಲ ದಿನವೇ ಹಟ ಹಿಡಿದ.

ಸಂಘದ ಒಬ್ಬರು, ಏರ್‌ಸಾಫ್ಟ್ ಕೋವಿ ಆನ್‌ಲೈನಿನಲ್ಲಿ ತರಿಸಿಬಿಡೋಣ ಎಂದರು. ಏರ್‌ಸಾಫ್ಟ್ ಎಂದರೆ 6 ಮಿ.ಮೀ.ನ ಪ್ಲಾಸ್ಟಿಕ್ ಗುಂಡು ಹಾರಿಸುವ, ಅಸಲಿನಂತೆಯೇ ಕಾಣುವ ನಕಲಿ ಬಂದೂಕು. ನಾವು ಬೇಡವೆಂದೆವು. ಕಸ್ಟಮ್ಸಿನಲ್ಲಿ ಪೆಟ್ಟಿಗೆ ತೆರೆದರೆ ಅದು ಆಟಿಕೆಯೆಂದು ಸಾಧಿಸುವ ಹೊರೆ ತರಿಸಿದವನ ತಲೆಗೆ. ವೀಸಾದ ಮೇಲೆ ಬದುಕುವ ನಮಗೆ ಆ ಹೊರೆ ಯಾಕೆ? ಊರಿಗೆ ಹೋಗುವಾಗ ಮಕ್ಕಳಿಗೆಂದು ಅಸಲಿಯಂತಿರುವ ಆಟಿಕೆ ಪಿಸ್ತೂಲನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೊರಡುವವರಿಗೂ ಇದೇ ಮಾತು. ಭದ್ರತಾ ತಪಾಸಣೆಯಲ್ಲಿ ಅದನ್ನು ಬಿಡುವುದಿಲ್ಲ.

ಏರ್‌ಸಾಫ್ಟ್ ಬರಲಿಲ್ಲ, ಆದರೆ ಏರ್‌ಸಾಫ್ಟಿನವರ ವಿದ್ಯೆ ಬಂತು. ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಫಿಲಿಪಿನೋ ನರ್ಸ್ ಇದ್ದಾರೆ. ರಜೆಗೆ ಹೋದಾಗ ಅವರಿಗೆ ಅದೇ ಹುಚ್ಚು. ಹೊಸ ನಕಲಿ ಬಂದೂಕನ್ನು ಯುದ್ಧದಿಂದ ಬಂದ ಹಳೆಯದರಂತೆ ಮಾಡುವುದು ಆ ಹವ್ಯಾಸದೊಳಗೇ ಇರುವ ಇನ್ನೊಂದು ಹವ್ಯಾಸ. ಅದರ ಬೇರು ಜಪಾನಿನಲ್ಲಿ. ಅಲ್ಲಿ 1971ರಲ್ಲಿ ಕಾನೂನು ಬಿಗಿ ಮಾಡಿ, ಲೋಹದ ಮಾದರಿ ಪಿಸ್ತೂಲುಗಳ ನಳಿಗೆ ಮುಚ್ಚಿರಬೇಕು, ಮೈಗೆ ಬಿಳಿ ಅಥವಾ ಹಳದಿ ಬಣ್ಣ ಇರಬೇಕು ಎಂದರು. ಹಳದಿ ಪಿಸ್ತೂಲು ಯಾರಿಗೆ ಬೇಕು? ತಯಾರಕರು ಪ್ಲಾಸ್ಟಿಕ್ಕಿಗೆ ತಿರುಗಿದರು. ಪ್ಲಾಸ್ಟಿಕ್ಕನ್ನು ಉಕ್ಕಿನಂತೆ ಕಾಣಿಸುವ ಕಲೆ ಅಲ್ಲಿಂದ ಬೆಳೆಯಿತು. ಲೋಹದ ಪುಡಿ ಬೆರೆಸಿದ ಭಾರದ ಪ್ಲಾಸ್ಟಿಕ್ಕನ್ನೂ ಮಾಡಿದರು. ಅದನ್ನು ಉಜ್ಜಿ ಹೊಳಪು ತರಬಹುದು.

ನರ್ಸ್ ಕ್ಯಾಂಟೀನಿನಲ್ಲಿ ಕೂತು ಮೊದಲು ಹೇಳಿದ್ದು ಬಣ್ಣದ ಹೆಸರಲ್ಲ. "ಮೊದಲು ಕೈ ಎಲ್ಲಿ ಮುಟ್ಟುತ್ತದೆ ಎಂದು ನೋಡಿ" ಎಂದರು. ಹಳೆಯ ಲೋಹದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದಿರುತ್ತವೆ. ಉಬ್ಬಿದ ಅಂಚು, ಮೂಲೆ, ಕೈ ತಾಗುವ ಜಾಗ ಸವೆದು ಬೆಳ್ಳಗಾಗುತ್ತದೆ. ತಗ್ಗು, ಸಂದು, ತಿರುಪಿನ ಸುತ್ತ ಎಣ್ಣೆ ಕೊಳೆ ಕೂತು ಕಪ್ಪಾಗುತ್ತದೆ. ಹೊಸಬರು ಇದನ್ನು ಬಿಟ್ಟು ಮೈತುಂಬ ಕಂದು ಬಣ್ಣ ಬಳಿಯುತ್ತಾರೆ. ಅದು ಹಳೆಯ ಕೋವಿಯಾಗುವುದಿಲ್ಲ, ಕೆಸರಿಗೆ ಬಿದ್ದ ಕೋವಿಯಾಗುತ್ತದೆ.

ಇದನ್ನು ಕೇಳಿ ಮಡಿಕೇರಿಯವರು ಊರಿಗೆ ಫೋನು ಮಾಡಿದರು. ಸೆಪ್ಟೆಂಬರಿನ ಮೊದಲ ವಾರ, ಕೈಲ್ ಪೊಳ್ದ್ ಹಬ್ಬದ ಸಮಯ. ಮನೆಯ ಕೋವಿಯನ್ನು ತೊಳೆದು ಒರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಟ್ಟಿದ್ದರು. ಅವರ ಅಣ್ಣ ಹತ್ತಿರದಿಂದ ಫೋಟೋ ತೆಗೆದು ಕಳಿಸಿದರು. ಮೂರು ತಲೆಮಾರು ಹಿಡಿದ ಹಿಡಿಯ ಮರ ಎಣ್ಣೆಬೆವರಿಗೆ ಕಪ್ಪಾಗಿತ್ತು. ಕುದುರೆಯ ಸುತ್ತಲಿನ ಕಬ್ಬಿಣ ಮಾತ್ರ ಬೆಳ್ಳಿಯಂತೆ ಸವೆದಿತ್ತು. ನಳಿಗೆಯ ಅಡಿಭಾಗದಲ್ಲಿ ಎಡಗೈ ಹಿಡಿಯುವಲ್ಲಿ ಒಂದು ಗೇಣಿನಷ್ಟು ಉದ್ದ ನೀಲಿಬಣ್ಣ ಹೋಗಿ ಬೂದಿಬಣ್ಣ ಬಂದಿತ್ತು. ಅದು ನಾಟಕದ ಕಾಲದ ಕೋವಿಯಲ್ಲ, ನಿಜ. ಆದರೆ ಕೈ ಎಲ್ಲಿ ಮುಟ್ಟುತ್ತದೆ ಎನ್ನುವುದು ಆಗಲೂ ಈಗಲೂ ಒಂದೇ. ಆ ಫೋಟೋ ಎರಡು ತಿಂಗಳು ನಮ್ಮ ಗೋಡೆಯ ಮೇಲಿತ್ತು.

ಎರಡು ಪಕ್ಷ, ಎರಡು ಬಗೆಯ ಕೋವಿ. ಕಂಪನಿ ಸಿಪಾಯಿಗಳ ಕೈಯಲ್ಲಿ ಇಂಡಿಯಾ ಪ್ಯಾಟರ್ನ್ ಎನ್ನುವ ಚಕಮಕಿ ಕಲ್ಲಿನ ಬಂದೂಕು. 39 ಇಂಚಿನ ನಳಿಗೆ, ಹಿತ್ತಾಳೆಯ ಪಟ್ಟಿಗಳು. ಗುಂಡು ಹೋಗುವ ತೂತೇ ಸುಮಾರು 19 ಮಿ.ಮೀ. ಹಾಗಾಗಿ 20 ಮಿ.ಮೀ. ಪೈಪು ಸಾಲದೆ 25ರದ್ದನ್ನು ತೆಗೆದುಕೊಂಡೆವು. ಬುಡದಲ್ಲಿ ಮಾಸ್ಕಿಂಗ್ ಟೇಪನ್ನು ಸುತ್ತಿ ದಪ್ಪ ಮಾಡಿದೆವು. ಕೋವಿಯ ನಳಿಗೆ ಪೈಪಿನಂತೆ ಒಂದೇ ದಪ್ಪ ಇರುವುದಿಲ್ಲ. ಕಿತ್ತೂರಿನವರಿಗೆ ಬತ್ತಿ ಹಚ್ಚಿ ಹಾರಿಸುವ ಕೋವಿ ಮಾಡಿದೆವು. ಸಿಪಾಯಿಗಳು ನಳಿಗೆಯನ್ನು ಇಟ್ಟಿಗೆ ಪುಡಿಯಿಂದ ಉಜ್ಜಿ ಹೊಳೆಯಿಸಬೇಕಿತ್ತು, ನಮ್ಮ ಅಜ್ಜಿಯಂದಿರು ಹಂಡೆ ಉಜ್ಜಿದಂತೆ. ಆದ್ದರಿಂದ ಕಂಪನಿಯ ಕೋವಿ ಹಳೆಯದಾದರೂ ಬೆಳ್ಳಗೆ, ಕಿತ್ತೂರಿನದು ಕಪ್ಪುಕಂದು. ಬಡಗಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಯಕ್ಷಗಾನದ ಬೇಗಡೆ ನೋಡಿ ಬೆಳೆದ ಕಣ್ಣು. "ರಂಗದಲ್ಲಿ ಹೊಳೆಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ" ಎಂಬುದು ಅವರ ವಾದ. ಅರ್ಧ ಅವರೇ ಗೆದ್ದರೆಂದು ಮುಂದೆ ಗೊತ್ತಾಯಿತು.

ಈಗ ಕೆಲಸದ ವಿಷಯ. ಪಿವಿಸಿಯ ಮೈ ನುಣುಪು, ಬಣ್ಣ ಹಿಡಿಯುವುದಿಲ್ಲ. 240 ನಂಬರಿನ, ಆಮೇಲೆ 400 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿದೆವು. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆವು. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಅದೇ. ಅಸಿಟೋನ್ ಬೇಡ. ಉಗುರುಬಣ್ಣ ತೆಗೆಯುವ ದ್ರವ ಹಾಕಿ ಒಂದು ಪೈಪಿನ ಮೈ ಅಂಟಂಟಾಗಿ ಹಾಳಾಯಿತು. ಏರ್‌ಸಾಫ್ಟಿನ ಎಬಿಎಸ್ ಪ್ಲಾಸ್ಟಿಕ್ಕಿನ ಗತಿಯೂ ಅದೇ, ಅದು ಕರಗಿಯೇ ಹೋಗುತ್ತದೆ.

ನಂತರ ಬಂಪರ್ ಪ್ರೈಮರ್. ಕುಂದಾಪುರದವರು ಇಲ್ಲದಿದ್ದರೆ ನಾವು ಇಲ್ಲೇ ಸೋಲುತ್ತಿದ್ದೆವು. ಸೆಪ್ಟೆಂಬರಿನ ಮಧ್ಯಾಹ್ನ ಹೊಡೆದ ಸ್ಪ್ರೇ ಪೈಪಿಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ, ಮೇಲೆ ಹಿಟ್ಟು ಉದುರಿಸಿದಂತೆ ಕೂರುತ್ತದೆ. ರಾತ್ರಿ ಹೊಡೆದರೆ ತೇವಕ್ಕೆ ಬಿಳಿ ಮಬ್ಬು ಕಟ್ಟುತ್ತದೆ. ಅವರು ಕೆಲಸ ಮುಗಿದ ಮೇಲೆ ಗ್ಯಾರೇಜಿನ ಬಣ್ಣದ ಕೋಣೆಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ತೆಳ್ಳಗೆ ಮೂರು ಸಲ ಹೊಡೆದರು. ನಿಮ್ಮಲ್ಲಿ ಯಾರಾದರೂ ಸ್ಪ್ರೇ ಡಬ್ಬಿ ತಂದರೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅದು ಸಿಡಿಯುತ್ತದೆ.

ಕಿತ್ತೂರಿನ ಕೋವಿಗೆ ಮಾಸಲು ಕಪ್ಪು, ಕಂಪನಿಯದಕ್ಕೆ ಬೂದಿ. ಒಂದು ದಿನ ಪೂರ್ತಿ ಒಣಗಿಸಿದ ಮೇಲೆ ಗುಟ್ಟಿನ ವಸ್ತು ಬರುತ್ತದೆ, ಗ್ರಾಫೈಟ್. ಬೀಗಕ್ಕೆ ಹಾಕುವ ಪುಡಿಯಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ 6ಬಿ ಪೆನ್ಸಿಲ್ಲಿನ ಸೀಸವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಬಹುದು. ಹತ್ತಿಯಲ್ಲಿ ಅದ್ದಿ ಬಣ್ಣದ ಮೇಲೆ ತಿಕ್ಕಿ, ಹಳೆಯ ಬನಿಯನ್ನಿನಿಂದ ಒರೆಸುತ್ತಾ ಹೋದರೆ ಹತ್ತು ನಿಮಿಷದಲ್ಲಿ ಪ್ಲಾಸ್ಟಿಕ್ ಮಾಯ. ತಣ್ಣಗಿನ ಉಕ್ಕು ಕಣ್ಣೆದುರು ಬರುತ್ತದೆ. ಮೊದಲ ಪೈಪು ಹಾಗೆ ತಿರುಗಿದಾಗ ಐವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಂಚುಗಳಿಗೆ ಬೆಳ್ಳಿಬಣ್ಣ. ಕುಂಚವನ್ನು ಅದ್ದಿ, ಕಾಗದಕ್ಕೆ ಒರೆಸಿ, ಬಣ್ಣ ಮುಗಿದೇಹೋಯಿತು ಎನ್ನುವಾಗ ಅಂಚಿನ ಮೇಲೆ ಸವರಬೇಕು. ಸಂದುಗಳಿಗೆ ನೀರಾಗಿಸಿದ ಕಡುಕಂದು. ಹಚ್ಚಿದ ಕೂಡಲೇ ಮೇಲಿನದನ್ನು ಒರೆಸಿದರೆ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ. ಮದ್ದು ಉರಿಯುವ ಬಟ್ಟಲಿನ ಸುತ್ತ ಮಸಿ ಹೆಚ್ಚು ಬೇಕು. ಕರಿಮದ್ದು ಬಿಟ್ಟುಹೋಗುವ ಬೂದಿ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಹಳೆಯ ಕೋವಿಗಳಲ್ಲಿ ಆ ಜಾಗಕ್ಕೆ ಸಿಡುಬಿನ ಕಲೆ ಇರುತ್ತದೆ. ನಾವು ದಪ್ಪ ಬಣ್ಣದಲ್ಲಿ ಸ್ಪಂಜು ಒತ್ತಿ ಆ ಕಲೆ ಮಾಡಿದೆವು. ಮದ್ದು ಎನ್ನುವ ಒಂದೇ ಮಾತು ನಮ್ಮ ಭಾಷೆಯಲ್ಲಿ ಕೋವಿಗೂ ಸಲ್ಲುತ್ತದೆ, ಕಾಯಿಲೆಗೂ ಸಲ್ಲುತ್ತದೆ. ಐದನೆಯವರನ್ನು ಉಳಿದ ನಾಲ್ವರು ಆಡಿಕೊಳ್ಳಲು ಅಷ್ಟು ಸಾಕಾಯಿತು.

ತುಕ್ಕಿಗೆ ರೆಡ್ ಆಕ್ಸೈಡ್ ಪುಡಿ. ಊರಿನ ಹಳೆಯ ಮನೆಗಳ ಕೆಂಪು ನೆಲ ಇದರದ್ದೇ. ಇದು ತುಕ್ಕಿನಂತೆ ಕಾಣುವ ಬಣ್ಣವಲ್ಲ, ಕಬ್ಬಿಣದ ಆಕ್ಸೈಡೇ ಆದ್ದರಿಂದ ತುಕ್ಕಿನ ಹತ್ತಿರದ ನೆಂಟ. ಸೆಕೆಬೊಕ್ಕೆಗೆ ನೀವು ಹಚ್ಚುವ ಕ್ಯಾಲಮೈನ್ ಲೋಷನ್ ಗುಲಾಬಿ ಯಾಕೆ ಗೊತ್ತೇ? ಬಿಳಿ ಸತುವಿನ ಆಕ್ಸೈಡಿಗೆ ಚಿಟಿಕೆ ಕಬ್ಬಿಣದ ಆಕ್ಸೈಡ್ ಸೇರಿಸಿರುತ್ತಾರೆ. ಒರಟುತನಕ್ಕೆ ದಾಲ್ಚಿನ್ನಿ ಪುಡಿ ಬೆರೆಸಿದೆವು. ತಾಲೀಮಿನ ಕೋಣೆ ಒಂದು ವಾರ ಬಿರಿಯಾನಿಯ ವಾಸನೆ ಹೊಡೆಯಿತು.

ಹಿಡಿಯ ಮರದ್ದು ಇನ್ನೊಂದು ಸೊಗಸು. ಪ್ಯಾಲೆಟ್ಟಿನ ಬಿಳಿ ಮರಕ್ಕೆ ಗಟ್ಟಿ ಸುಲೈಮಾನಿಯನ್ನು ಎರಡು ಸಲ ಬಳಿದು ಒಣಗಿಸಬೇಕು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಎರಡು ದಿನ ವಿನೆಗರಿನಲ್ಲಿ ನೆನೆಹಾಕಿ, ಆ ದ್ರವವನ್ನು ಸೋಸಿ ಮೇಲೆ ಬಳಿದರೆ, ಚಹಾದ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಮರ ನೋಡನೋಡುತ್ತಾ ಕಪ್ಪಾಗುತ್ತದೆ. ನೆನೆಹಾಕಿದ ಡಬ್ಬಿಯ ಮುಚ್ಚಳ ಬಿಗಿ ಮಾಡಬಾರದು, ಒಳಗೆ ಹೈಡ್ರೋಜನ್ ಹುಟ್ಟುತ್ತದೆ. ಹತ್ತಿರ ಬೆಂಕಿ, ಬೀಡಿ ಬೇಡ.

ಇನ್ನು ಆ ತಪ್ಪು. ಬಾಳಪ್ಪನ ಕೋವಿಗೆ ಕುದುರೆ, ಪಟ್ಟಿ, ಬಳೆಗಳನ್ನು ಅಸಲಿ ಕಬ್ಬಿಣದ ತಗಡಿನಲ್ಲಿ ಮಾಡಿದ್ದ ಹುಡುಗ. ಅದಕ್ಕೆ ಅಸಲಿ ತುಕ್ಕೇ ಬರಬೇಕೆಂದು ಆಸೆ. ನಾವು ವಿಧಾನ ಹೇಳಿದ್ದೆವು: ಮೆಡಿಕಲ್ ಅಂಗಡಿಯ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಅರ್ಧ ಲೀಟರ್, ಅದಕ್ಕೆ ನಾಲ್ಕು ದೊಡ್ಡ ಚಮಚ ವಿನೆಗರ್, ಒಂದೂವರೆ ಸಣ್ಣ ಚಮಚ ಉಪ್ಪು. ಬಯಲಿನಲ್ಲಿ, ಕೈಗವಸು ಕನ್ನಡಕ ಹಾಕಿಕೊಂಡು ಕಬ್ಬಿಣದ ಮೇಲೆ ಸಿಂಪಡಿಸಿದರೆ ಕೆಲವೇ ನಿಮಿಷದಲ್ಲಿ ಕಿತ್ತಳೆ ತುಕ್ಕು ಏಳುತ್ತದೆ. ಅದನ್ನು ನೀರಿನಲ್ಲಿ ಕುದಿಸಿದರೆ ಕಪ್ಪಿಗೆ ತಿರುಗಿ, ಎಣ್ಣೆ ಒರೆಸಿದಾಗ ಹಳೆಯದಾಗುತ್ತದೆ. ಉಳಿದ ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಡದೆ ಅಂದೇ ನೀರು ಬೆರೆಸಿ ಚೆಲ್ಲಬೇಕು.

ಪೆರಾಕ್ಸೈಡನ್ನು ಆಸ್ಪತ್ರೆಯಿಂದ ತಂದುಕೊಡಿ ಎಂದಿದ್ದ. ಆಸ್ಪತ್ರೆಯ ಒಂದು ಹನಿಯೂ ಹೊರಗೆ ಬರುವುದಿಲ್ಲ, ಅಂಗಡಿಯಲ್ಲಿ ಕೊಂಡುಕೋ ಎಂದೆವು. ಅದು ಸರಿಯೇ ಇತ್ತು. ಆಮೇಲೆ ಆಡಿದ ಮಾತು ಸರಿ ಇರಲಿಲ್ಲ. ನಾಟಕಕ್ಕೆ ಹತ್ತು ದಿನ ಇದ್ದಾಗ, ರಾತ್ರಿ ಹನ್ನೊಂದರ ಹೊತ್ತಿಗೆ ಸೋನಾಪುರದ ಕ್ಯಾಂಪಿನಿಂದ ಫೋನು ಮಾಡಿದ. "ಸರ, ಆ ಬಾಟ್ಲಿ ಸಿಗವಲ್ದು. ಬ್ಯಾರೆ ಏನರ ಹಾಕಬಹುದೇನ್ರಿ?" ನೈಟ್ ಡ್ಯೂಟಿ, ಕೌಂಟರಿನ ಎದುರು ಸಾಲು. "ಏನಾದರೂ ನೋಡಿಕೋ ಮಾರಾಯ, ನಾಳೆ ಮಾತಾಡುವ" ಎಂದು ಇಟ್ಟೆವು.

ಅವನು ನೋಡಿಕೊಂಡ. ಯಾವುದೋ ವಿಡಿಯೋದಲ್ಲಿ ಬಟ್ಟೆಯ ಬ್ಲೀಚಿಗೆ ವಿನೆಗರ್ ಹಾಕಿ ತುಕ್ಕು ತರಿಸಿದ್ದರಂತೆ. ತುಕ್ಕು ಬರುವುದು ನಿಜ. ಆದರೆ ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳ ಮೇಲೆ ಬಿಟ್ಟದ್ದು ಇದನ್ನೇ. ಇವನು ಅದನ್ನು ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಬಕೆಟ್ಟಿನಲ್ಲಿ ಮಾಡಿದ್ದ. ಪಕ್ಕದ ಕೋಣೆಯಲ್ಲಿ ಎಂಟು ಜನ ಮಲಗಿದ್ದರು. ಕೆಮ್ಮುತ್ತಾ ಹೊರಗೆ ಬಂದು ಬಿದ್ದವನನ್ನು ಒಬ್ಬ ಬಿಹಾರಿ ಗೆಳೆಯ ಅಂಗಳಕ್ಕೆ ಎಳೆದು ತಂದು, ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಿ, 998ಕ್ಕೆ ಫೋನು ಮಾಡಿದ. ಆ ಗೆಳೆಯನ ಬುದ್ಧಿಗೆ ನಾವು ಋಣಿಗಳು. ಇಂಥದ್ದಕ್ಕೆ ಮೊದಲ ಚಿಕಿತ್ಸೆ ಅದೇ: ಶುದ್ಧ ಗಾಳಿ, ಆಂಬ್ಯುಲೆನ್ಸ್. ಕಣ್ಣು ಉರಿದರೆ ಬರೀ ನೀರು. ಕೆಮ್ಮು ನಿಂತಿತೆಂದು ಮತ್ತೆ ಮಲಗಬಾರದು. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ತಡವಾಗಿಯೂ ಶುರುವಾಗಬಹುದು. ಅದಕ್ಕೇ ಅವನನ್ನು ಬೆಳಗಿನವರೆಗೆ ಆಕ್ಸಿಜನ್ ಕೊಟ್ಟು ಕಣ್ಣಿಟ್ಟು ನೋಡಿಕೊಂಡರು.

ಬೆಳಿಗ್ಗೆ ನಾವು ಹೋದಾಗ ಅವನೇ "ತಪ್ಪಾತ್ರಿ ಸರ" ಎಂದ. ಗಂಟಲು ಪೂರ್ತಿ ಕೂತಿತ್ತು. ತಪ್ಪು ಅವನದಾಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಬ್ಬ ರೋಗಿಗೂ ಚೀಟಿಯಲ್ಲಿ ಬರೆದ ಮದ್ದು ಇಲ್ಲದಾಗ "ಏನಾದರೂ ನೋಡಿಕೋ" ಎಂದಿಲ್ಲ. ಡಾಕ್ಟರಿಗೆ ಫೋನು ಮಾಡದೆ ಕಂಪನಿಯ ಹೆಸರು ಕೂಡ ಬದಲಿಸುವುದಿಲ್ಲ. ನಮ್ಮವನಿಗೆ ಮಾತ್ರ ಹಾಗೆ ಹೇಳಿದೆವು. ಅವನಿಗೆ ಮೂರು ದಿನದ ಕೆಲಸ ತಪ್ಪಿತು. ಆ ಮೂರು ದಿನದ ಸಂಬಳವನ್ನು ಉಳಿದ ನಾಲ್ವರು ಸೇರಿಸಿ ಕೊಟ್ಟೆವು; ಮೊದಲು ಬೇಡವೆಂದ, ಆಮೇಲೆ ತೆಗೆದುಕೊಂಡ.

ಅಂದಿನಿಂದ ಪ್ರತಿ ಬಾಟಲಿಯ ಮೇಲೆ ಕನ್ನಡದಲ್ಲಿ, ಹಿಂದಿಯಲ್ಲಿ ಚೀಟಿ ಅಂಟಿಸಿದೆವು. ಬ್ಲೀಚಿಗೆ ವಿನೆಗರ್ ಬೇಡ, ಬಾತ್‌ರೂಮ್ ತೊಳೆಯುವ ಆಸಿಡ್ ಬೇಡ, ಅಮೋನಿಯಾ ಬೇಡ. ನಾಟಕ ಮಾಡದವರೂ ಇದನ್ನು ಕೋಣೆಯ ಬಾಗಿಲಿಗೆ ಅಂಟಿಸಿಕೊಳ್ಳಿ. ಕ್ಯಾಂಪುಗಳಲ್ಲಿ ಬಾತ್‌ರೂಮ್ ತೊಳೆಯುವಾಗ ಎರಡು ಬಾಟಲಿ ಒಟ್ಟಿಗೆ ಸುರಿಯುವವರನ್ನು ನಾವೆಲ್ಲ ನೋಡಿದ್ದೇವೆ.

ಬಾಳಪ್ಪನ ಕೋವಿಯ ತಗಡಿಗೆ ಕೊನೆಗೆ ಪೆರಾಕ್ಸೈಡಿನ ತುಕ್ಕೇ ಬಂತು, ಗ್ಯಾರೇಜಿನ ಹಿಂದಿನ ಬಯಲಿನಲ್ಲಿ, ಐವರ ಎದುರು.

ರಂಗದ ತಾಲೀಮಿನಲ್ಲಿ ಎರಡು ಪಾಠವಾಯಿತು. ಒಂದು, ಸಿಪಾಯಿಗಳ ಬಿಳಿ ಅಡ್ಡಪಟ್ಟಿಗಳೆಲ್ಲ ಗ್ರಾಫೈಟಿನಿಂದ ಕಪ್ಪಾದವು. ಗ್ರಾಫೈಟಿನ ಮೇಲೆ ವಾರ್ನಿಷ್ ಹೊಡೆದರೆ ಲೋಹದ ಹೊಳಪು ಸಾಯುತ್ತದೆ, ಹೊಡೆಯದಿದ್ದರೆ ಬಟ್ಟೆ ಸಾಯುತ್ತದೆ. ಕೈ ಹಿಡಿಯುವ, ಎದೆಗೆ ತಾಗುವ ಜಾಗಕ್ಕೆ ಮಾತ್ರ ಹೊಡೆದು ಉಳಿದದ್ದನ್ನು ಬಿಟ್ಟೆವು. ಎರಡನೆಯದು, ನಾವು ಅಷ್ಟು ಸೂಕ್ಷ್ಮವಾಗಿ ಮಾಡಿದ್ದೆಲ್ಲ ದೀಪದ ಕೆಳಗೆ ಹತ್ತನೆಯ ಸಾಲಿಗೆ ಬರೀ ಕಪ್ಪು ಕೋಲಾಗಿ ಕಂಡಿತು. ಬಡಗಿ ಏನೂ ಹೇಳದೆ ಬೆಳ್ಳಿಬಣ್ಣದ ಡಬ್ಬಿ ತೆರೆದರು. ಅಂಚುಗಳನ್ನು ಎರಡು ಪಟ್ಟು ಬೆಳ್ಳಗೆ ಮಾಡಿದ ಮೇಲೆ ಕೋವಿ ಕೋವಿಯಾಯಿತು. ಏರ್‌ಸಾಫ್ಟಿನವರು ಕೈಯಲ್ಲಿ ಹಿಡಿದು ನೋಡುತ್ತಾರೆ, ನಮ್ಮವರು ಅರವತ್ತು ಅಡಿ ದೂರದಿಂದ.

ಸಭಾಂಗಣದವರಿಗೆ ಮೊದಲೇ ಫೋಟೋ ಸಹಿತ ಪಟ್ಟಿ ಕೊಟ್ಟು ಲಿಖಿತ ಒಪ್ಪಿಗೆ ತೆಗೆದುಕೊಂಡಿದ್ದೆವು. ನಳಿಗೆಗಳ ತುದಿಗೆ ಮರದ ಬಿರಡೆ ಬಡಿದು ಕಿತ್ತಳೆ ಟೇಪು ಸುತ್ತಿ, ಕಂಬಳಿಯೊಳಗೆ ಕಟ್ಟಿ ವ್ಯಾನಿನಲ್ಲಿ ಒಯ್ದೆವು. ಅಮೆರಿಕದಲ್ಲಿ ಆಟಿಕೆ ಬಂದೂಕಿನ ಮೂತಿಗೆ ಕಿತ್ತಳೆ ಬಣ್ಣ ಇರಬೇಕೆಂಬ ಕಾನೂನಿದೆ. ಅಲ್ಲಿಂದ ಬಂದ ಉಪಾಯ. ಟೇಪು ತೆಗೆದದ್ದು ಪರದೆಯ ಹಿಂದೆ ಮಾತ್ರ.

ಹುಡುಗನ ಸ್ವರ ಪೂರ್ತಿ ಮರಳಿರಲಿಲ್ಲ. ಬಾಳಪ್ಪನ ಮಾತುಗಳನ್ನು ಕತ್ತರಿಸಿ ನಾಲ್ಕಕ್ಕೆ ಇಳಿಸಿದ್ದರು. ಅವನು ಮಂಡಿಯೂರಿ ಕೋವಿ ಎತ್ತಿ ಗುರಿ ಹಿಡಿದಾಗ ಎಡಗೈಯ ಕೆಳಗೆ ನಾವು ಸವೆಸಿದ್ದ ಒಂದು ಗೇಣು ಬೆಳ್ಳಿಬಣ್ಣ ದೀಪಕ್ಕೆ ಮಿಂಚಿತು. ಸ್ಪೀಕರಿನಲ್ಲಿ ಗುಂಡಿನ ಸದ್ದು ಅರ್ಧ ಸೆಕೆಂಡು ತಡವಾಗಿ ಬಂತು. ಥ್ಯಾಕರೆ ಅದಕ್ಕೂ ಮೊದಲೇ ಬಿದ್ದಾಗಿತ್ತು. ಚಪ್ಪಾಳೆಯಲ್ಲಿ ಯಾರೂ ಗಮನಿಸಲಿಲ್ಲ.

ಅಸಲಿಯಂತೆ ಕಾಣುವ ಹದಿನಾಲ್ಕು ಕೋವಿಗಳನ್ನು ಯಾರ ಕೋಣೆಯಲ್ಲೂ ಇಡುವುದು ಬೇಡವೆಂದು ಮರುವಾರವೇ ಗರಗಸ ಹಾಕಿದೆವು. ಬಾಳಪ್ಪನ ಕೋವಿಯ ಕಬ್ಬಿಣದ ಕುದುರೆಯನ್ನು ಹುಡುಗ ಇಟ್ಟುಕೊಂಡ, ರಜೆಗೆ ಹೋದಾಗ ಅಮ್ಮನಿಗೆ ತೋರಿಸಲು. ಬರೀ ಬಾಗಿದ ತಗಡು. ಕಂಪನಿಯ ಎರಡು ನಳಿಗೆ ಮಾತ್ರ ಉಳಿದಿವೆ. ಸಂಘದ ಬ್ಯಾನರು ಈಗ ಅವುಗಳಿಗೇ ಕಟ್ಟುವುದು. ಮುಂದಿನ ಸಲ ಅದನ್ನು ಹಿಡಿಯಲು ನಿಮ್ಮನ್ನು ಕರೆದರೆ ಬಿಳಿ ಅಂಗಿ ಹಾಕಿಕೊಂಡು ಬರಬೇಡಿ, ಇನ್ನೂ ಬಿಡುತ್ತದೆ.